ವೊನ್ನಮ್ಮ, ಹೊನ್ನಮ್ಮ

ನಮ್ಮ ದೊಡ್ಡಮ್ಮನ ಮಾತನ್ನು ಅವಳಿಗೆ ಗೊತ್ತಾಗದ ಹಾಗೆ ಟೇಪು ಮಾಡಿಕೊಂಡವಳು ನಾನು. ತುಂಬಿದ ಸಭೆಯಲ್ಲಿ ಅದನ್ನು ಹಾಕಿ ಕೇಳಿಸಿದವಳೂ ನಾನೇ. ಯಾರು ಹೇಳಿದ್ದು ಎಂದು ಅವಳು ಕೇಳಿದಾಗ—ನನಗೇನು ಗೊತ್ತು ಎಂದುಬಿಟ್ಟೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಕನ್ನಡ ಎಂ.ಎ. ಓದುತ್ತಿದ್ದೆ, ಬೆಂಗಳೂರಿನ ಅಂಚಿನ ಜರಗನಹಳ್ಳಿಯ ನಮ್ಮ ಮನೆತನದಲ್ಲಿ ಅಷ್ಟು ಓದಿದ ಮೊದಲ ಹುಡುಗಿ. ನಮ್ಮೂರಿನವರು ಹೇಗೆ ಮಾತಾಡುತ್ತಾರೆ ಎಂದು ಪ್ರಬಂಧ ಬರೆಯಬೇಕಿತ್ತು. ಕಾಲೇಜಿನಲ್ಲಿ ಒಂದು ಪುಟ್ಟ ಟೇಪ್‌ರೆಕಾರ್ಡರ್ ಕೊಟ್ಟಿದ್ದರು. ಆದರೆ ಅದನ್ನು ಮುಂದಿಟ್ಟರೆ ಸಾಕು, ಎಲ್ಲರೂ ರೇಡಿಯೋದಲ್ಲಿ ವಾರ್ತೆ ಓದುವವರಾಗಿಬಿಡುತ್ತಿದ್ದರು!

ದೊಡ್ಡಮ್ಮ ಜಯನಗರದ ಗೊತ್ತಾದ ಮನೆಗಳಿಗೆ ದಿನಾ ವರ್ತನೆ ಹೂವು ಕೊಡುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಜೊತೆ ಹೊರಟೆ. ರೆಕಾರ್ಡರು ನನ್ನ ಚೀಲದೊಳಗೆ, ದುಪಟ್ಟಾದ ಅಡಿಯಲ್ಲಿ, ಓಡುತ್ತಿತ್ತು.

ಆ ಬೆಳಗನ್ನು ಹೇಗೆ ಹೇಳಲಿ! "ಬಿರ್ನೆ ಬಾರಮ್ಮಿ, ಬಸ್ಸು ಒಂಟೋಯ್ತದೆ" ಎಂದು ನನ್ನನ್ನು ಎಳೆದುಕೊಂಡು ಹೊರಟವಳು, ಹೂವಿನ ಮಾರುಕಟ್ಟೆಯಲ್ಲಿ ವ್ಯಾಪಾರಿಯ ಜೊತೆ ತಮಿಳಿನಲ್ಲಿ ಜಗಳವಾಡಿದಳು—ಅವಳಿಗೆ ತಮಿಳು ಬರುತ್ತದೆಂದೇ ನನಗೆ ತಿಳಿದಿರಲಿಲ್ಲ. ಅರ್ಧ ಗಂಟೆ ಕಳೆದಿಲ್ಲ, ಜಯನಗರದ ಒಂದು ಗೇಟಿನ ಮುಂದೆ ನಿಂತು "ಮೇಡಂ, ಹೂವು ತಗೊಳ್ಳಿ. ಹಬ್ಬಕ್ಕೆ ಹೆಚ್ಚಿಗೆ ಹಾಕ್ಲಾ?" ಒಂದು ಹಕಾರವೂ ಜಾರಲಿಲ್ಲ! ಮನೆಯಲ್ಲಿ ತನ್ನ ಹೆಸರನ್ನು ವೊನ್ನಮ್ಮ ಎನ್ನುವವಳು ಅಲ್ಲಿ ಹೊನ್ನಮ್ಮ. ಪಕ್ಕದ ಮನೆಯ ಸಿಡುಕು ಯಜಮಾನರ ಮುಂದೆ ಗಾಬರಿಯಾಗಿ, ಇಲ್ಲದ ಕಡೆಗೂ ಹಕಾರ ಹಾಕಿ, ಅಂಗಡಿಯನ್ನು 'ಹಂಗಡಿ' ಎಂದಳು. ನನಗೆ ರಸ್ತೆಯಲ್ಲೇ ಕುಣಿಯುವಷ್ಟು ಖುಷಿ. ಒಬ್ಬಳೇ ಹೆಂಗಸು, ಒಂದೇ ಬೆಳಿಗ್ಗೆ, ಎಷ್ಟು ನಾಲಗೆ!

ವಾಪಸು ಬರುವಾಗ ಬಸ್‌ಸ್ಟಾಪಿನಲ್ಲಿ ಕೇಳಿಯೇಬಿಟ್ಟೆ—ಯಾಕೆ ದೊಡ್ಡಮ್ಮ, ಅಲ್ಲಿ ಬೇರೆ ಥರ ಮಾತಾಡ್ತೀಯಾ?

ಅವಳು ನಕ್ಕಳು. "ಅವ್ರ್ ಮುಂದೆ ನಮ್ ಮಾತು ಆಡಕಾಯ್ತದಾ? ಗೇಟ್ ತಗ್ಯಕ್ ಮುಂಚೆ ನಾಲ್ಗೆಗೆ ರೇಸ್ಮೆ ಸೀರೆ ಉಡಿಸ್ತೀನಿ ಕಣಮ್ಮಿ. ಈಚೆಗ್ ಬಂದ್ಮೇಲೆ ಬಿಚ್ಚಾಕ್ತೀನಿ."

ಅದೂ ಟೇಪಿನಲ್ಲಿ ಬಿತ್ತು.

ಪ್ರಬಂಧ ಮಂಡಿಸಿದ ದಿನ ಅದನ್ನೇ ಕೊನೆಗೆ ಹಾಕಿದೆ. ಸಭೆ ಬಿದ್ದು ಬಿದ್ದು ನಕ್ಕಿತು, ಆಮೇಲೆ ಚಪ್ಪಾಳೆ. ಮುಗಿದ ಮೇಲೆ ಒಬ್ಬ ನಿವೃತ್ತ ಅಧ್ಯಾಪಕಿ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. "ನಮ್ಮನೆಗೆ ಹೂವು ಕೊಡೋ ಹೊನ್ನಮ್ಮ ಅಲ್ವಾ ಇದು?" ಅಲ್ಲ ಎನ್ನಬಹುದಿತ್ತು. ಹೌದು ಮೇಡಂ, ನಮ್ಮ ದೊಡ್ಡಮ್ಮನೇ ಎಂದೆ—ಹೆಮ್ಮೆಯಿಂದ.

ವಾರದೊಳಗೆ ದೊಡ್ಡಮ್ಮ ನಮ್ಮ ಅಡುಗೆಮನೆಗೆ ಬಂದು ಕುಸಿದು ಕೂತಳು.

"ಆ ಮೇಡಮ್ಮು ನನ್ನ ನೆಂಟ್ರ ಮುಂದೆ ನಿಲ್ಲಿಸ್ಕಂಡು, 'ಇವತ್ತೂ ನಾಲಗೆಗೆ ರೇಷ್ಮೆ ಸೀರೆ ಉಡಿಸಿದ್ದೀರಾ ಹೊನ್ನಮ್ಮ, ನಿಮ್ಮೂರ್ ಮಾತು ಒಂದ್ಸಲ ಆಡಿ' ಅಂತಾರೆ. ಎಲ್ರೂ ನಗ್ತಾರೆ. ಯಾರಮ್ಮಿ ಯೋಳಿದ್ದು ಅವ್ರಿಗೆ?"

"ನಂಗೇನ್ ಗೊತ್ತು ದೊಡ್ಡಮ್ಮ."

ಅವಳು ನನ್ನ ಮುಖವನ್ನೇ ನೋಡಿದಳು. ಮೊದಲು ಆ ಮನೆ ಬಿಟ್ಟಳು, ಆಮೇಲೆ ಆ ರಸ್ತೆಯನ್ನೇ ಬಿಟ್ಟಳು—ಬಾಯಿ ತೆರೆಯಲು ಹೆದರಿ. ನನಗೆ ಒಳ್ಳೆಯ ಅಂಕ ಬಂತು. ಅಧ್ಯಾಪಕಿಯ ಕೆಲಸವೂ ಸಿಕ್ಕಿತು.

ಹತ್ತು ವರ್ಷಕ್ಕೂ ಹೆಚ್ಚು ಕಳೆದ ಮೇಲೆ, ಒಂದು ಮಧ್ಯಾಹ್ನ, ಕ್ಯಾಸೆಟ್ಟನ್ನು ಅವಳ ಕೈಯಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನನಗೆ ಗೊತ್ತಿತ್ತು. ಆ ಮಾತನ್ನ ನಿನ್ನ ಹತ್ರ ಬಿಟ್ಟು ಇನ್ಯಾರ ಹತ್ರಾನೂ ಹೇಳಿರಲಿಲ್ಲ."

ಹೇಳಿರಲಿಲ್ಲ. ಯೋಳಿರ್ನಿಲ್ಲ ಅಲ್ಲ—ಹೇಳಿರಲಿಲ್ಲ! ನನ್ನ ಜೊತೆ ಎಂದಿನಿಂದ ಹೀಗೆ? ಆ ಅಡುಗೆಮನೆಯ ದಿನದಿಂದಲೇ? ಊರಿನವರ ಒಂದೊಂದು ಉಚ್ಚಾರವನ್ನೂ ಹೆಕ್ಕಿ ಬರೆದುಕೊಂಡವಳು ನಾನು; ಇಷ್ಟು ವರ್ಷ ಇದು ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನೂ ಅವಳಿಗೆ ಒಂದು ಗೇಟು ಆಗಿಬಿಟ್ಟಿದ್ದೆ.

ಕ್ಷಮಿಸು ಎಂದೆ. "ಊಟ ಮಾಡ್ಕೊಂಡು ಹೋಗು" ಎಂದಳು, ಅಷ್ಟೇ ಶುದ್ಧವಾಗಿ.

ಹೋದ ಭಾನುವಾರ ಅವಳ ಮನೆಗೆ ಹೋದಾಗ ಹಿತ್ತಿಲಲ್ಲಿ ಸೊಸೆಯ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದಳು—ಆ ಹಳೆಯ ಮಾತಿನಲ್ಲಿ, ಭರ್ಜರಿಯಾಗಿ. ನನಗೆ ಅಂದಿನಂತೆಯೇ ಕುಣಿಯುವಷ್ಟು ಖುಷಿಯಾಯಿತು. ನಾಚಿಕೆ ಬಂದದ್ದು ಆಮೇಲೆ. ಗೋಡೆಯ ಮರೆಯಲ್ಲಿ ನಿಂತರೆ ಇನ್ನಷ್ಟು ಕೇಳಬಹುದಿತ್ತು.

"ದೊಡ್ಡಮ್ಮಾ, ನಾನು ಬಂದೆ" ಎಂದು ಬೀದಿಯಿಂದಲೇ ಕೂಗಿದೆ.

ಹಿತ್ತಿಲಲ್ಲಿ ಮಾತು ನಿಂತಿತು.