ಏನೂ ಆಗದ ಹಾಗೆ ನೋಡಿಕೊಂಡವರು

ಹೋದ ವಾರ ನಮ್ಮ ಮಂಡಿಯ ಕಂಪ್ಯೂಟರ್ ಒಂದೇ ಸಮ ಗುಂಯ್ ಎನ್ನುತ್ತಿತ್ತು. ತುಮಕೂರಿನಿಂದ ಬಂದ ಸರ್ವೀಸಿನವನು ಅದರ ಪಕ್ಕದ ತಗಡು ಬಿಚ್ಚಿ ಒಳಗೆ ಬ್ಲೋವರ್ ಹಿಡಿದ. ತೆಂಗಿನ ನಾರಿನ ಸಣ್ಣ ಧೂಳು ಮೋಡದಂತೆ ಎದ್ದಿತು. ಅದರ ಜೊತೆಗೆ ಬಿಸಿಗೆ ಕಮಟಿದ ಕೊಬ್ಬರಿ ಎಣ್ಣೆಯ ವಾಸನೆ. ತಿಪಟೂರಿನ ಮಂಡಿಗಳನ್ನು ಬಿಟ್ಟರೆ ಬೇರೆಲ್ಲೂ ಕಂಪ್ಯೂಟರಿನ ಒಳಗೆ ಈ ವಾಸನೆ ಇರಲಾರದು. ಅವನು ಮೂಗು ಮುಚ್ಚಿಕೊಂಡು ಆಚೆ ಹೋದ. ನನಗೆ ಹಿಂದೆ ಇದೇ ಕೆಲಸಕ್ಕೆ ಬರುತ್ತಿದ್ದ ಅವರು ನೆನಪಾದರು...

ನೆನಪಾದರು ಎಂದು ಬರೆದೆ. ಮುಖ ನೆನಪಾಯಿತೇ ಎಂದರೆ ಇಲ್ಲ. ವಾಸನೆಗೆ ಅಂಟಿಕೊಂಡು ಬಂದದ್ದು ಮೂಗಿಗೆ ಕಟ್ಟಿದ ಕರ್ಚೀಫು, ಕಂಪ್ಯೂಟರಿನ ಡಬ್ಬಿಯ ಮೇಲೆ ಬಗ್ಗಿದ ಬೆನ್ನು, ಧೂಳು ಸವರುವ ಒಂದು ಹಳೆಯ ಪೇಂಟ್ ಬ್ರಷ್ಷು. ಉಳಿದದ್ದನ್ನೆಲ್ಲ ನಾನೇ ಕೂತು ಜೋಡಿಸುತ್ತಿದ್ದೇನೋ ಏನೋ. ನಾನು ಓದಿದ್ದು ಇತಿಹಾಸ. ಸಾಕ್ಷಿಯನ್ನು ನಂಬುವ ಮೊದಲು ತಿರುವಿ ಮುರುವಿ ನೋಡಬೇಕು ಎಂದು ಕಲಿಸಿದ್ದರು. ಆದರೆ ಆ ಪಾಠಗಳೆಲ್ಲ ಆಗಿಹೋದದ್ದರ ಬಗ್ಗೆ. ಏನೂ ಆಗದ ಹಾಗೆ ನೋಡಿಕೊಂಡ ಒಬ್ಬರನ್ನು ಯಾವ ಸಾಕ್ಷಿ ಹಿಡಿದು ನೆನೆಯುವುದು ಎಂದು ಅಲ್ಲಿ ಯಾರೂ ಹೇಳಲಿಲ್ಲ.

ನಮ್ಮ ಮಾವನವರದು ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಮಂಡಿ. ರೈತರು ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿಯನ್ನು ತಂದು ಹಾಕುತ್ತಾರೆ. ಹರಾಜಾದ ಮೇಲೆ ಚೀಲಗಳು ಲಾರಿ ಹತ್ತಿ ಉತ್ತರದ ಕಡೆಗೆ ಹೋಗುತ್ತವೆ. ಅಲ್ಲಿನ ವ್ಯಾಪಾರಿಗಳಿಗೆ ನಾವು ಮೇಲ್‌ನಲ್ಲಿ ಬಿಲ್ಲು ಕಳಿಸಿದರೆ ಅವರು ಬ್ಯಾಂಕಿಗೆ ಹಣ ಹಾಕುತ್ತಾರೆ. ರೈತರ ಬಟವಾಡೆ ನಡೆಯುವುದು ಆ ಹಣದ ಮೇಲೆ. ನಾನು ಸೊಸೆಯಾಗಿ ಬಂದ ಸ್ವಲ್ಪ ದಿನಕ್ಕೇ ಬಿಲ್ಲು, ಜಿಎಸ್‌ಟಿ, ಮೇಲ್ ಎಲ್ಲ ನನ್ನ ಪಾಲಿಗೆ ಬಂದವು. ಎಂ.ಎ. ಮಾಡಿದ್ದಾಳೆ, ಕಂಪ್ಯೂಟರ್ ಬರದೇ ಇರುತ್ತದೆಯೇ ಎಂಬುದು ಮಾವನವರ ಲೆಕ್ಕ.

ಆ ಪೇಂಟ್ ಬ್ರಷ್ಷಿನವರು ಆಗಲೇ ಮಂಡಿಗೆ ಬರುತ್ತಿದ್ದರು. ಊರು ಕಂದಿಕೆರೆಯ ಕಡೆ. ಚಿಕ್ಕನಾಯಕನಹಳ್ಳಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರಂತೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಕ್ಲಾಸಿಗೆ ಬರುವವರು ಇಲ್ಲವಾಗಿ ಅದನ್ನು ಮುಚ್ಚಿದರು. ಆಮೇಲೆ ಹಿಡಿದದ್ದು ಈ ಕೆಲಸ. ತಿಪಟೂರು, ತುರುವೇಕೆರೆಯ ಅಂಗಡಿಗಳು, ಮಂಡಿಗಳು, ಒಂದು ಎಣ್ಣೆ ಮಿಲ್ಲು, ಒಂದು ರಕ್ತಪರೀಕ್ಷೆಯ ಲ್ಯಾಬು... ಇವುಗಳ ಕಂಪ್ಯೂಟರ್‌ಗಳನ್ನು ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುವುದು. ಬಸ್ಸಿನಲ್ಲೇ ಓಡಾಟ. ಯಾರ್ಡಿನಲ್ಲೆಲ್ಲ ಅವರು ಮೇಡಮ್ಮ. ನಾನೊಬ್ಬಳು ಅಕ್ಕ ಎನ್ನುತ್ತಿದ್ದೆ.

ರಿಪೇರಿಯವರು ಬೇಕಾದಷ್ಟು ಜನ ಇದ್ದರು. ಅವರು ಕೆಟ್ಟಾಗ ಬರುತ್ತಿದ್ದರು. ಅಕ್ಕ ಕೆಡದೇ ಇದ್ದಾಗ ಬರುತ್ತಿದ್ದರು. ಹರಾಜಿನ ಹಿಂದಿನ ದಿನ ಬಂದು ಕೂತು, ಹೊಸ ಅಪ್‌ಡೇಟ್ ಹಾಕಿ, ವೈರಸ್ ಹುಡುಕಿ, ಲೆಕ್ಕವನ್ನೆಲ್ಲ ಒಂದು ಡಿಸ್ಕಿಗೆ ನಕಲು ಮಾಡಿಕೊಂಡು ಅದನ್ನು ತಮ್ಮ ಮನೆಗೇ ಒಯ್ಯುತ್ತಿದ್ದರು. "ಅಂಗ್ಡೀಲೇ ಇಟ್ರೆ ಅಂಗ್ಡಿ ಜೊತೆಗೇ ಸುಟ್ಟೋಯ್ತದೆ ಕಣ್ರೀ," ಎಂದು ಅವರು ಹೇಳಿದಾಗ ಮಾವನವರು ಕೆಂಡಾಮಂಡಲವಾದರು. ಕೊಬ್ಬರಿ ತುಂಬಿದ ಮಂಡಿಯಲ್ಲಿ ಬೆಂಕಿಯ ಮಾತು ಯಾರೂ ಆಡುವುದಿಲ್ಲ. ಯಾರ್ಡಿನಲ್ಲಿ ಸುಮಾರು ಜನರ ಪಾಸ್‌ವರ್ಡು ಮನೆದೇವರ ಹೆಸರೇ ಆಗಿತ್ತು. ಅದನ್ನು ಬದಲಾಯಿಸಲು ಅಕ್ಕ ಪಟ್ಟ ಪಾಡು ನಾನು ಕಂಡಿದ್ದೇನೆ. ದೇವರನ್ನೇ ತೆಗೆಯಿರಿ ಎನ್ನುತ್ತಾಳಲ್ಲ ಈಯಮ್ಮ ಎಂದು ಒಬ್ಬರು ಮುನಿಸಿಕೊಂಡಿದ್ದರು.

ಮಾವನವರಿಗೆ ವಾರವಾರವೂ ಅದೇ ತಮಾಷೆ.

"ಏನ್ ಮೇಡಮ್ಮ, ಈ ವಾರ ಏನ್ ಕೆಟ್ಟಿತ್ತು?"

"ಏನೂ ಕೆಟ್ಟಿರ್ಲಿಲ್ಲ ಸಾಹುಕಾರ್ರೇ."

"ಹೋದ್ ವಾರ?"

"ಹೋದ್ ವಾರಾನೂ ಇಲ್ಲ."

"ಮತ್ತೆ ನಾನ್ ತಿಂಗ್ಳ್ ತಿಂಗ್ಳಾ ಕೊಡೋದು ಯಾವುದಕ್ಕೆ? ಕಾಪಿ ಕುಡ್ದು ಹೋಗೋಕಾ?"

"ನಿಮ್ ಕಾಪಿಗೆ ಸಕ್ಕರೇನೇ ಇರಲ್ಲ ಬುಡಿ. ಅದಕ್ಕೋಸ್ಕರ ಯಾರ್ ಬತ್ತಾರೆ?"

ಚೀಲ ಹೊಲಿಯುತ್ತಿದ್ದ ಹಮಾಲಿಗಳು ನಗುತ್ತಿದ್ದರು. ಮಾವನವರೂ ನಗುತ್ತಿದ್ದರು. ಅಕ್ಕ ನಗುತ್ತಲೇ ಚಪ್ಪಲಿ ಬಿಟ್ಟು, ಬೆಂಚಿನ ಮೇಲೆ ಕಾಲು ಮಡಿಸಿ ಕೂರುತ್ತಿದ್ದರು. ಆ ನಗುವಿನ ಹಿಂದೆ ದಣಿವಿತ್ತು ಎಂದು ಈಗ ಅನಿಸುತ್ತದೆ. ಈಗ ನನಗೇ ದಣಿವಾಗಿರುವುದರಿಂದ ಅದನ್ನು ಅವರ ಮೇಲೂ ಹೊರಿಸುತ್ತಿರಬಹುದು...

ದೀಪಾವಳಿಗೆ ಮುಂಚಿನ ದಿನಗಳು. ಉತ್ತರದ ಬೇಡಿಕೆ ಜೋರಾಗಿತ್ತು. ದಿನಾ ಲಾರಿ, ದಿನಾ ಬಿಲ್ಲು. ಅಕ್ಕ ಎಂದಿನಂತೆ ಬಂದು ಕೂತವರು ಮೇಲ್‌ನ ಸೆಟ್ಟಿಂಗನ್ನೇ ತಿರುತಿರುಗಿ ತೆರೆದು ನೋಡಿದರು. ಆಮೇಲೆ ನನ್ನನ್ನು ಕರೆದು ಪರದೆಯ ಮೇಲೆ ಬೆರಳಿಟ್ಟರು.

"ಇದನ್ನ ನೀನ್ ಹಾಕಿದ್ಯೇನೇ?"

ನಾನು ಹಾಕಿರಲಿಲ್ಲ. ನಮ್ಮ ಮೇಲ್‌ಗೆ ಬಂದದ್ದು, ನಮ್ಮಿಂದ ಹೋದದ್ದು ಎಲ್ಲದರ ಒಂದೊಂದು ಪ್ರತಿ ಯಾವುದೋ ಗುರುತಿಲ್ಲದ ವಿಳಾಸಕ್ಕೆ ತಾನಾಗಿಯೇ ಹೋಗುವಂತೆ ಯಾರೋ ಹೊರಗಿನವರು ಮಾಡಿಟ್ಟಿದ್ದರು. ಹೇಗೆ ಒಳಗೆ ಬಂದರು ಎಂದು ಕೊನೆಗೂ ತಿಳಿಯಲಿಲ್ಲ. ಅಕ್ಕ ಅದನ್ನು ಕಿತ್ತು ಹಾಕಿದರು, ಪಾಸ್‌ವರ್ಡು ಬದಲಿಸಿದರು. ಹೊಸದಾಗಿ ಯಾರು ಮೇಲ್ ತೆರೆಯಲು ಹೋದರೂ ನನ್ನ ಮೊಬೈಲಿಗೆ ಒಟಿಪಿ ಸಂಖ್ಯೆ ಬರುವಂತೆ ಮಾಡಿದರು. ಆದರೆ ಅಲ್ಲಿಗೆ ಮುಗಿಯಲಿಲ್ಲ. ಕಳ್ಳರು ಆಗಲೇ ನಮ್ಮ ಬಿಲ್ಲುಗಳನ್ನೆಲ್ಲ ಓದಿದ್ದರು. ಯಾರು ಎಷ್ಟು ಕೊಡಬೇಕು, ನಾವು ಹೇಗೆ ಬರೆಯುತ್ತೇವೆ, ಎಲ್ಲವೂ ಅವರಿಗೆ ಗೊತ್ತಿತ್ತು. ನಮ್ಮದೇ ಹೆಸರಿನಲ್ಲಿ, ನಮ್ಮದೇ ಮಾತಿನಲ್ಲಿ, ಬ್ಯಾಂಕಿನ ಖಾತೆ ಬದಲಾಗಿದೆ ಎಂದು ಒಂದು ಬಿಲ್ಲು ಕಳಿಸಿದರೆ ಸಾಕು. ಹಣ ಅವರ ಕಡೆಗೆ ಹೋಗುತ್ತದೆ.

"ಇವತ್ತೇ ಉತ್ತರದ ಎಲ್ಲಾ ಪಾರ್ಟಿಗಳಿಗೂ ಫೋನ್ ಮಾಡಿ ಸಾಹುಕಾರ್ರೇ," ಎಂದರು ಅಕ್ಕ. "ಖಾತೆ ಬದಲಾಗಿಲ್ಲ, ಬದಲಾಯ್ತು ಅಂತ ಯಾರು ಬರೆದ್ರೂ ನನ್ ಧ್ವನಿ ಕೇಳೋ ತನಕ ದುಡ್ ಹಾಕ್ಬೇಡಿ ಅಂತ ಹೇಳಿ."

ಮಾವನವರು ಲೆಕ್ಕ ನೋಡಲು ಹಾಕಿದ್ದ ಕನ್ನಡಕ ತೆಗೆದರು. "ಏನಂತ ಹೇಳ್ಲಿ? ನನ್ ಕಾಗ್ದ ನೀವ್ ನಂಬ್ಬ್ಯಾಡಿ ಅಂತ ನಾನೇ ಹೇಳ್ಲಾ? ಇಷ್ಟ್ ವರ್ಷದ ವ್ಯವಹಾರ ಕಣಮ್ಮ. ಒಂದ್ ದಿನ ಅವ್ರು ನನ್ನ ಕೇಳಿಲ್ಲ, ನಾನ್ ಅವ್ರನ್ನ ಕೇಳಿಲ್ಲ. ನಾಳೆ ಯಾರ್ಡಿನಾಗೆ ಈ ಮಂಡಿ ಅಲ್ಲಾಡ್ತಾ ಐತೆ ಅಂತಾರೆ. ರೈತ ಚೀಲ ತಗಂಡು ಪಕ್ಕದ ಮಂಡಿಗೆ ಹೋಯ್ತಾನೆ."

"ದುಡ್ಡು ಬೇರೆ ಕಡೆ ಹೋದ್ರೆ ಅದೇ ರೈತಂಗೆ ಏನ್ ಹೇಳ್ತೀರಾ?"

"ಹೋಗಿಲ್ವಲ್ಲ! ಹೋಗಿಲ್ದೇ ಇರೋದನ್ನ ಯಾಕ್ ಹೇಳ್ತೀಯ?"

ನಾನೂ ಅಕ್ಕನ ಪರವಾಗಿ ಮಾತಾಡಿದೆ. ಮಾವನವರು ಬೇಡ ಎಂದರು. ಅಷ್ಟು ಮಾತ್ರ ನನಗೆ ಖಚಿತ. ಬೇಡ ಎಂದು ಲಾರಿ ತುಂಬಿಸಲು ಹೊರಗೆ ಹೋದರು. ಅವರು ಹೇಳಿದ್ದು ತಪ್ಪೆಂದು ಆಗಲೂ ಅನಿಸಲಿಲ್ಲ, ಈಗಲೂ ಪೂರ್ತಿ ಅನಿಸುವುದಿಲ್ಲ. ಯಾರ್ಡಿನಲ್ಲಿ ಮಂಡಿ ನಿಂತಿರುವುದು ಬಾಯಿಮಾತಿನ ಮೇಲೆ. ಮಾತಿನಲ್ಲಿ ಸಣ್ಣ ಬಿರುಕು ಕಂಡರೂ ಸಾಕು, ಸಂಜೆಯೊಳಗೆ ಟೀ ಅಂಗಡಿಗೆ ಮುಟ್ಟಿರುತ್ತದೆ.

ಅಕ್ಕ ಮಂಡಿಯ ಫೋನನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ನಂಬರ್ ಹೇಳ್ತಾ ಹೋಗು," ಎಂದರು. ನಾನು ಹೇಳುತ್ತಾ ಹೋದೆ. ಅವರಿಗೆ ಹಿಂದಿ ಸರಿಯಾಗಿ ಬರುತ್ತಿರಲಿಲ್ಲ, ಬಂದಷ್ಟರಲ್ಲೇ ಮಾಡಿದರು. "ಭಾಯಿ ಸಾಬ್, ಅಕೌಂಟ್ ವಹೀ ಹೈ. ಕೋಯಿ ಬದಲ್ ಗಯಾ ಬೋಲಾ ತೋ ಪೆಹಲೇ ಸಾಹುಕಾರ್ ಕಾ ಆವಾಜ್ ಸುನೋ, ಬಾದ್ ಮೇ ಪೈಸಾ." ಖಾತೆ ಅದೇ, ಮೊದಲು ಸಾಹುಕಾರರ ಧ್ವನಿ, ಆಮೇಲೆ ದುಡ್ಡು ಎಂದು ಪ್ರತಿಯೊಬ್ಬರಿಗೂ ಅದೇ ಮಾತು. ಕೊನೆಕೊನೆಗೆ ಗಂಟಲು ಕಟ್ಟಿತ್ತು. ಮಾವನವರು ಒಳಗೆ ಬರುವ ಹೊತ್ತಿಗೆ ಮುಗಿದಿತ್ತು. ಮಾಡಿದೆ ಎಂದು ಅಕ್ಕನೇ ಹೇಳಿದರು. ನಂಬರ್ ಕೊಟ್ಟವಳು ನಾನು ಎಂದು ನಾನು ಹೇಳಿದೆ. ಮಾವನವರು ಇಬ್ಬರನ್ನೂ ನೋಡಿ ಮತ್ತೆ ಲಾರಿಯ ಕಡೆಗೆ ಹೋದರು.

ಮುಂದಿನ ಹರಾಜಿನ ಹೊತ್ತಿಗೆ ಸುದ್ದಿ ಹಬ್ಬಿತು. ಉತ್ತರದ ವ್ಯಾಪಾರಿಯೊಬ್ಬರು ಇಲ್ಲಿನ ತಮ್ಮ ದಲ್ಲಾಳಿಯನ್ನು ಏನಿದು ಸಮಾಚಾರ ಎಂದು ಕೇಳಿದ್ದರಂತೆ. ಅವನ ಬಾಯಿಂದ ಇಡೀ ಯಾರ್ಡಿಗೆ. ಕೆಲವರು ಪಕ್ಕದ ಮಂಡಿಯಲ್ಲಿ ಚೀಲ ಇಳಿಸಿದರು. ಹಾಲ್ಕುರಿಕೆಯ ಒಬ್ಬ ಹಿರಿಯ ರೈತರು, ಮಾವನವರ ಜೊತೆ ಕೂತು ಉಂಡವರು, ಬಾಗಿಲಲ್ಲೇ ನಿಂತು, "ನನ್ ದುಡ್ಡು ಭದ್ರವಾಗೈತೇನಪ್ಪಾ?" ಎಂದು ಕೇಳಿದರು. ಅವತ್ತು ಮಾವನವರು ಮಧ್ಯಾಹ್ನ ಊಟ ಮಾಡಲಿಲ್ಲ.

ಅಕ್ಕ ಮತ್ತೆ ಬಂದಾಗ ಮಾವನವರು ಆ ತಿಂಗಳಿನ ಹಣ ಕೈಗೆ ಕೊಟ್ಟು, "ಇನ್ ಬರಬ್ಯಾಡಿ ಮೇಡಮ್ಮ," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಎದುರಾಡಿದೆ, ಅಕ್ಕನೇ ಕಣ್ಸನ್ನೆಯಲ್ಲಿ ತಡೆದರು. ಸೊಸೆಯನ್ನು ಕೆಲಸದಿಂದ ತೆಗೆಯಲು ಬರುವುದಿಲ್ಲ, ಹಾಗಾಗಿ ನಾನು ಉಳಿದೆ. ಉಳಿದ ಮಂಡಿಯವರೂ ಒಬ್ಬೊಬ್ಬರಾಗಿ ಅವರನ್ನು ಬಿಟ್ಟರು. ಒಳಗಿನದನ್ನು ಹೊರಗೆ ಹೇಳುವ ಹೆಂಗಸನ್ನು ಯಾರು ಇಟ್ಟುಕೊಳ್ಳುತ್ತಾರೆ?

ನಮ್ಮ ಹೆಸರಿನ ಸುಳ್ಳು ಬಿಲ್ಲು ಯಾರಿಗೂ ಬರಲಿಲ್ಲ. ಬಂದದ್ದು ನಮಗೆ ತಿಳಿಯಲಿಲ್ಲ ಎನ್ನಬೇಕೋ ಏನೋ. ಕಳ್ಳರು ಬರೆದು, ವ್ಯಾಪಾರಿ ಅದನ್ನು ನಂಬದೇ ಬಿಟ್ಟನೇ? ಬರೆಯುವ ಮೊದಲೇ ಬಾಗಿಲು ಮುಚ್ಚಿತೇ? ಅಥವಾ ಅವರಿಗೆ ಈ ಕೊಬ್ಬರಿ ವ್ಯಾಪಾರ ಬೇಕಾಗಿಯೇ ಇರಲಿಲ್ಲವೇ? ಎಷ್ಟು ಯೋಚಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತೇನೆ. ಒಬ್ಬರಿಗಾದರೂ ಮೋಸವಾಗಿದ್ದರೆ ಅಕ್ಕನ ಮಾತು ನಿಜವಾಗುತ್ತಿತ್ತು. ಆಗಲಿಲ್ಲ, ಹಾಗಾಗಿ ಅದು ಬರೀ ಗಾಬರಿಯಾಗಿ ಉಳಿಯಿತು.

ಅವರ ಮನೆಯಲ್ಲಿದ್ದ ನಮ್ಮ ಡಿಸ್ಕನ್ನು ವಾಪಸು ಕೊಡಲೆಂದೇ ಅವರು ಇನ್ನೊಮ್ಮೆ ತಿಪಟೂರಿಗೆ ಬಂದರು. ಮಂಡಿಗೆ ಬರಲಿಲ್ಲ, ಬಸ್‌ಸ್ಟ್ಯಾಂಡಿಗೆ ನನ್ನನ್ನೇ ಕರೆದರು. ಸಿಟ್ಟಿನಲ್ಲಿ ನಾನು, "ಒಂದೇ ಒಂದ್ ಕಳ್ಳಬಿಲ್ಲು ಬಂದು ಯಾರ್ದಾದ್ರೂ ದುಡ್ ಹೋಗಿದ್ರೆ ಚೆನ್ನಾಗಿರ್ತಿತ್ತು ಅಕ್ಕ," ಎಂದೆ.

"ಥೂ, ಬುಡ್ತು ಅನ್ನೇ!" ಎಂದರು. "ಆಗ್ಲಿಲ್ಲ ಅಂತ ಅಳ್ತಾರೇನೇ ಯಾರಾದ್ರೂ?"

ಬುಡ್ತು ಅಂದೆ. ಚಿಕ್ಕನಾಯಕನಹಳ್ಳಿಯ ಬಸ್ಸು ಬಂತು. ಜಾಗ ಸಿಕ್ಕಿತೋ ಇಲ್ಲವೋ, ನೋಡಿದ ನೆನಪಿಲ್ಲ...

ಆಮೇಲೆ ಆಗಾಗ ಫೋನಿನಲ್ಲಿ ಮಾತು, ಆಮೇಲೆ ಅದೂ ಕಡಿಮೆಯಾಯಿತು. ಈ ವರ್ಷ ಚಿಕ್ಕನಾಯಕನಹಳ್ಳಿಯಲ್ಲಿ ಒಂದು ಮದುವೆಯ ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತವರು ಅವರ ತಂಗಿ ಎಂದು ತಿಳಿಯಿತು. ಅಕ್ಕ ತೀರಿಕೊಂಡಿದ್ದರು. ಕಾಯಿಲೆ, ಆಸ್ಪತ್ರೆಗೆ ಓಡಾಟ, ಎಲ್ಲ ಹೋದ ವರ್ಷವೇ ಮುಗಿದಿತ್ತು. ಆ ತಂಗಿ ಎಲೆಯ ಮೇಲೆ ನೀರು ಚಿಮುಕಿಸುತ್ತಾ, "ನಿಮ್ ಮಂಡೀಲಿ ನಮ್ಮಕ್ಕ ಏನ್ ಕೆಲಸ ಮಾಡೋಳು ಕಣ್ರೀ? ಕೇಳಿದ್ರೆ ಸರಿಯಾಗಿ ಹೇಳ್ತಾನೇ ಇರ್ಲಿಲ್ಲ," ಎಂದರು.

"ಏನೂ ಆಗ್ದಂಗೆ ನೋಡ್ಕಳೋರು," ಎಂದೆ.

"ಹಂಗಂದ್ರೆ?"

ಅಷ್ಟರಲ್ಲಿ ಪಾಯಸ ಬಂತು.

ಮನೆಗೆ ಬಂದು ಮಾವನವರಿಗೆ ಹೇಳಿದೆ. "ಅಯ್ಯೋ ಶಿವನೇ," ಎಂದರು. ಹೆಗಲ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಒಳ್ಳೆ ಹೆಣ್ಮಗಳು. ಸುಮ್ ಸುಮ್ನೆ ಹೆದರ್ಕಳೋದು, ಅದೊಂದೇ," ಎಂದರು.

ಈಗ ತುಮಕೂರಿನವರು ಅಲ್ಲಿಂದಲೇ ನಮ್ಮ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ, ತೀರಾ ಸದ್ದು ಮಾಡಿದರೆ ಮಾತ್ರ ಒಬ್ಬನನ್ನು ಕಳಿಸುತ್ತಾರೆ. ತಿಂಗಳಿಗೊಂದು ವರದಿ ಮೇಲ್‌ನಲ್ಲಿ ಬರುತ್ತದೆ. ತೊಂದರೆ ಏನೂ ಇಲ್ಲ ಎಂದು ಇರುತ್ತದೆ. ಅವರೂ ಚೆನ್ನಾಗಿಯೇ ಮಾಡುತ್ತಾರೆ. ಯಾರೂ ಅವರನ್ನು ಯಾವುದಕ್ಕೆ ದುಡ್ಡು ಎಂದು ಕೇಳುವುದಿಲ್ಲ. ಕಾಲ ಹಾಗಾಗಿದೆ.

ನಿನ್ನೆ ಮಂಡಿಯ ಫೋನ್ ಹೊಡೆದುಕೊಂಡಿತು. ಅವತ್ತು ಅಕ್ಕ ಫೋನ್ ಮಾಡಿದವರಲ್ಲಿ ಎಲ್ಲರಿಗಿಂತ ಹಿರಿಯ ವ್ಯಾಪಾರಿ. ಅವರು ಅಂದಿನಿಂದ ಇಂದಿನವರೆಗೆ ಬಿಲ್ಲು ಕೈಗೆ ಬಂದರೂ ಮಾವನವರ ಧ್ವನಿ ಕೇಳದೆ ಹಣ ಹಾಕಿಲ್ಲ. ಮೊದಮೊದಲು ಮಾವನವರಿಗೆ ಅದು ಅವಮಾನವೆನಿಸುತ್ತಿತ್ತು. ಬರುಬರುತ್ತಾ ಮಳೆ, ಮಂಡಿನೋವು, ಮೊಮ್ಮಕ್ಕಳು ಎಂದು ಮಾತು ಬೆಳೆಯಿತು. ಈಗ ಆ ಫೋನಿಗೆ ಕಾಯುತ್ತಾರೆ. ನಿನ್ನೆಯೂ ಇಬ್ಬರು ಮುದುಕರು ಅರ್ಧಂಬರ್ಧ ಹಿಂದಿಯಲ್ಲಿ ಬಹಳ ಹೊತ್ತು ಮಾತಾಡಿದರು.

ಫೋನ್ ಇಟ್ಟು ಮಾವನವರು ನನ್ನ ಕಡೆ ತಿರುಗಿದರು. "ನನ್ ಧ್ವನಿ ಕೇಳ್ದೆ ಅವ್ನು ದುಡ್ಡೇ ಹಾಕಲ್ಲ ಕಣಮ್ಮ. ಯಾವ್ ಜನ್ಮದ ಸ್ನೇಹವೋ ಏನೋ."

ಇದು ಯಾರು ಹಾಕಿಕೊಟ್ಟ ರೂಢಿ ಎಂದು ಹೇಳಬಹುದಿತ್ತು. ಆದರೆ ಮಾವನವರ ಮುಖದಲ್ಲಿ ಅಷ್ಟು ಸಂತೋಷವಿತ್ತು. ಹೇಳಿದ್ದರೂ ಕೇಳಿ ನಗಬೇಕಾದ ಅಕ್ಕ ಈಗ ಇಲ್ಲ. "ಹೌದು ಮಾವ," ಎಂದೆ.

ಸ್ವಲ್ಪ ಹೊತ್ತಿಗೆ ಬ್ಯಾಂಕಿನ ಮೆಸೇಜು ಬಂತು. ತೆಗೆದು ನೋಡಿದೆ. ಹಣ ನಮ್ಮ ಖಾತೆಗೇ ಬಿದ್ದಿತ್ತು.