ಪಾಯಿಂಟಿಗೆ ಇಟ್ಟ ಬೊಟ್ಟು

ಅಪ್ಪನಿಗೆ ತಮ್ಮ ಹಳೇ ಕಾರಿನ ಮೇಲಿದ್ದ ಮೋಹ ಕಂಡರೆ ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ತೊಂಬತ್ತರ ದಶಕದ ಮಾತು, ನಾವಿದ್ದದ್ದು ವಿಮಾನಪುರದಲ್ಲಿ. ಒಮ್ಮೆ ಮದುವೆಗೆ ಹೊರಟಾಗ ಟಿನ್ ಫ್ಯಾಕ್ಟರಿ ಸ್ಟಾಪಿನ ಬಸ್ಸುಗಳ ನಡುವೆ ಕಾರು ಕೆಟ್ಟು ನಿಂತು, ಅಮ್ಮ ರೇಷ್ಮೆ ಸೀರೆಯಲ್ಲೇ ಇಳಿದು ತಳ್ಳಬೇಕಾಯಿತು. ಮನೆಗೆ ಬಂದವಳೇ ಅಪ್ಪನಿಂದ ಮಾತು ತೆಗೆದುಕೊಂಡಳು: ಇನ್ನೊಂದು ಸಲ ಕೈಕೊಟ್ಟರೆ ಕಾರು ಸೀದಾ ಶಿವಾಜಿನಗರದ ಗುಜರಿಗೆ. ಅಂದಿನಿಂದ ಅವಳು ಅದನ್ನು ಹತ್ತಲೂ ಇಲ್ಲ.

ಆ ವರ್ಷದ ಆಯುಧಪೂಜೆ. ಬೆಳಿಗ್ಗೆ ಅಪ್ಪ ಕಾರು ತೊಳೆದು, ಇಂಜಿನ್ನನ್ನೂ ಒರೆಸಿ, ಅದರಲ್ಲಿ ಕಿಡಿ ಹುಟ್ಟಿಸುವ ಡಬ್ಬಿಯ ಮುಚ್ಚಳ ಬಿಚ್ಚಿಟ್ಟು ಸ್ನಾನಕ್ಕೆ ಹೋದರು. ಬಂದವರು ರಾಹುಕಾಲದ ಅವಸರದಲ್ಲಿ ಬಿಚ್ಚಿಟ್ಟಿದ್ದ ಮುಚ್ಚಳ ಹಾಕಿ, ಆರತಿ ಎತ್ತಿದರು. ಇನ್ನು ಚಕ್ರದಡಿಯ ನಿಂಬೆಹಣ್ಣು ಜಜ್ಜಬೇಕು. ಕೀ ತಿರುಗಿಸಿದರೆ ಇಂಜಿನ್ ಗರಗರ ಅಂದಿತೇ ಹೊರತು ಹತ್ತಿಕೊಳ್ಳಲಿಲ್ಲ. ಅಪ್ಪನ ಮುಖ ಸಪ್ಪಗಾಯಿತು. ಅಮ್ಮ ಕಾರಿನ ಹತ್ತಿರ ಬಂದು ನಿಂತಳು.

ಬ್ಯಾಟರಿ ಸರಿಯಿತ್ತು, ಪೆಟ್ರೋಲೂ ಇತ್ತು. ಅಪ್ಪ ಕಿಡಿ ಒಯ್ಯುವ ದಪ್ಪ ವೈರಿನ ತುದಿಯನ್ನು ಇಂಜಿನ್ನಿನ ಹತ್ತಿರ ಹಿಡಿದು ನನಗೆ ಕೀ ತಿರುಗಿಸಲು ಹೇಳಿದರು. ಕಿಡಿಯಿಲ್ಲ. ಮತ್ತೆ ಆ ಮುಚ್ಚಳ ತೆಗೆದರು. ಒಳಗೆ ಪಾಯಿಂಟ್ ಅನ್ನುವ ಎರಡು ಪುಟ್ಟ ಲೋಹದ ತುಣುಕುಗಳಿವೆ, ಅವು ಒಂದಕ್ಕೊಂದು ತಾಗಿ ಬೇರೆಯಾದರೇ ಕಿಡಿ. ಅವುಗಳ ಸಂದಿಯಲ್ಲಿ ಗಂಧ, ಮೇಲೆ ಕುಂಕುಮ!

"ಇದ್ಯಾರೇ ಇಟ್ಟಿದ್ದು?"

"ನಾನೇ ರೀ," ಅಂದಳು ಅಮ್ಮ. "ಕಾರಿನ ಜೀವ ಅಲ್ಲೇ ಇರೋದು ಅಂತ ನೀವೇ ತಾನೇ ಹೇಳ್ತಿದ್ದಿದ್ದು? ಜೀವಕ್ಕೇ ಬೊಟ್ಟಿಡೋಣ ಅಂದ್ಕೊಂಡೆ."

ನಾನು ಬೆರಗಾಗಿ ಅವಳನ್ನೇ ನೋಡಿದೆ. ಅಪ್ಪನ ಕಾರಿನ ಪುರಾಣವನ್ನು ಇವಳು ಇಷ್ಟು ವರ್ಷ ಕೇಳಿಸಿಕೊಳ್ಳುತ್ತಿದ್ದಳು!

ಅಪ್ಪ ಗಂಧ ಒರೆಸಿ, ನಯವಾದ ಅರದಿಂದ ಉಜ್ಜಿ, ತೆಳ್ಳನೆಯ ತಗಡು ತೂರಿಸಿ ಸಂದಿಯ ಅಳತೆ ನೋಡಿದರು. "ಸ್ವಲ್ಪ ಸೆರಗು ಅಡ್ಡ ಹಿಡಿ, ಬಿಸಿಲು ಬೀಳ್ತಿದೆ," ಅಂದರು. ಅಮ್ಮ ಹಿಡಿದಳು. ಆ ನೆರಳಿನಲ್ಲಿ ಅಪ್ಪ ಪಾಯಿಂಟ್ ಮೀಟಿದರು. ಚಟ್! ವೈರಿನ ತುದಿಯಿಂದ ನೀಲಿ ಕಿಡಿ ಹಾರಿತು. ನನಗೆ ರೋಮಾಂಚನವಾಯಿತು. ನಮ್ಮನ್ನೆಲ್ಲ ಹೊತ್ತು ಓಡುತ್ತಿದ್ದ ಅಷ್ಟು ದೊಡ್ಡ ಕಾರು ಇಷ್ಟೇ ಇಷ್ಟು ಬೆಳಕನ್ನು ನಂಬಿಕೊಂಡಿತ್ತು.

"ಇನ್ನೊಂದ್ಸಲ ತೋರಿಸ್ರೀ," ಅಂದಳು ಅಮ್ಮ.

ಕಾರು ಹೊರಟಿತು, ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಅಪ್ಪ ಇಳಿದು ಬಂದು ತಲೆ ತಗ್ಗಿಸಿ ನಿಂತರು. "ಕೊಟ್ಟ ಮಾತು ಮಾತೇ. ಗುಜರಿಯವನಿಗೆ ಹೇಳಿ ಕಳಿಸ್ಲಾ?"

"ಅದೆಲ್ಲಿ ಕೈಕೊಡ್ತು? ಕೆಡಿಸಿದ್ದು ನಾನು," ಅಂದ ಅಮ್ಮ ಮುಂದಿನ ಬಾಗಿಲು ತೆಗೆದು ಕೂತುಬಿಟ್ಟಳು. "ನಡೀರಿ, ಹಲಸೂರು ದೇವಸ್ಥಾನಕ್ಕೆ ಹೋಗ್ಬರೋಣ."