ತಂತ್ರಾಂಶಕ್ಕೊಂದು ಅಂಕಿತ

ಹಳಗನ್ನಡ ಪದಗಳಿಗೆ ಅರ್ಥ ತೋರಿಸುವ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶವೊಂದನ್ನು ಕೊಟ್ಟೂರಿನಲ್ಲಿ ನಾವು ಕೆಲವರು ಸೇರಿ ಸಿದ್ಧಪಡಿಸಿದೆವು. ಅರ್ಥಗಳನ್ನು ಬರೆದವನು ನಾನು. ಕಂಪ್ಯೂಟರಿನಲ್ಲಿ ಅದನ್ನು ಕಟ್ಟಿದಾಕೆ ಹರಪನಹಳ್ಳಿಯ ಒಬ್ಬ ಶಿಕ್ಷಕಿ. ಕರ್ತೃವೆಂದು ಯಾರ ಹೆಸರಿರಬೇಕೆಂಬ ಪ್ರಶ್ನೆ ಬಂದಾಗ, ಶರಣರು ವಚನದ ಕೊನೆಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟಂತೆ, ಬಾಗಳಿಯ ಕಲ್ಲೇಶ್ವರನ ಹೆಸರೊಂದೇ ಸಾಕೆಂದೆ. ಎಲ್ಲರೂ ಕೈಮುಗಿದರು, ಆಕೆಯೊಬ್ಬಳು ಮುಗಿಯಲಿಲ್ಲ.

“ಅಜ್ಜಾರ, ಸ್ವಾಮಿಗೆ ಹೆಸರು ಬೇಕಾಗಿಲ್ರಿ, ನನಗ ಬೇಕಾಗೈತಿ. ನಾಳೆ ಇದು ಕೆಟ್ಟು ನಿಂತ್ರ ಮಂದಿ ಗುಡಿಗೆ ಹೋಗಿ ಗಂಟಿ ಬಾರಸ್ತಾರೇನು?”

ಕೆಲವರು ನಕ್ಕರು. ನನಗೆ ಆಗ ಹೊಳೆಯಿತು: ಒಬ್ಬೊಬ್ಬ ಶರಣರಿಗೂ ಬೇರೆಬೇರೆ ಅಂಕಿತವಿತ್ತು. ಇದು ಯಾರ ವಚನವೆಂದು ಇಂದಿಗೂ ನಾವು ತಿಳಿಯುವುದು ಅದರಿಂದಲೇ.

“ಮೊದ್ಲು ನಿನ್ನ ಹೆಸರು ಬರಿಯವ್ವ,” ಎಂದೆ.